ಶಿಫ್ಟಿಗೆ ಹೊರಟವರ ಮುಂದೆ ನೋವಿನ ಮಾತು

ಅಮ್ಮನಿಗೆ ಸೈನೈಡ್ ದಿಬ್ಬ ನೋಡುವ ಹುಚ್ಚು ಇದೆ ಎಂದು ನಾನು ಬಹಳ ದಿನ ನಂಬಿದ್ದೆ. ನಮ್ಮ ಮನೆ ನಂದಿದುರ್ಗ ಗಣಿಯ ಲೈನಿನಲ್ಲಿತ್ತು. ಲೈನು ಎಂದರೆ ಒಂದಕ್ಕೊಂದು ಅಂಟಿಕೊಂಡ ತಟ್ಟಿ ಗೋಡೆಯ ಮನೆಗಳ ಸಾಲು. ನಲ್ಲಿ ಇದ್ದದ್ದು ಇಳಿಜಾರಿನ ತಳದಲ್ಲಿ. ಬೆಳಗಿನ ಮಂಜಿನಲ್ಲಿ ಅಮ್ಮ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಏರು ಹತ್ತುತ್ತಿದ್ದಳು. ಹಿಂದೆ ಚಿಕ್ಕ ಬಿಂದಿಗೆ ಹಿಡಿದು ನಾನು. ಅರ್ಧ ದಾರಿಯಲ್ಲಿ ಒಂದು ಮೋರಿ. ಅದರ ಕಟ್ಟೆಯ ಮೇಲೆ ಕೊಡ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಅಮ್ಮ ದೂರದ ದಿಬ್ಬದ ಕಡೆ ತಿರುಗಿ ಸುಮ್ಮನೆ ನಿಂತುಬಿಡುತ್ತಿದ್ದಳು.

ಕಲ್ಲು ಅರೆದು, ಚಿನ್ನ ತೆಗೆದು, ಉಳಿದ ಮಣ್ಣನ್ನು ವರ್ಷಗಟ್ಟಲೆ ಎಸೆದದ್ದರಿಂದ ಆದ ಗುಡ್ಡ ಅದು. ಅದರ ಮೇಲೆ ಹುಲ್ಲೂ ಹುಟ್ಟುತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ, ಮಂಜು ತಳದಲ್ಲಿ ನಿಂತಿದ್ದಾಗ, ದಿಬ್ಬ ನೆಲ ಬಿಟ್ಟು ತೇಲುತ್ತಿದೆ ಅನ್ನಿಸುತ್ತಿತ್ತು. ಬಿಸಿಲು ಬಿದ್ದ ಅಂಚು ಮೊದಲು ಕೆನೆಯ ಬಣ್ಣಕ್ಕೆ, ಆಮೇಲೆ ನಸುಗೆಂಪಿಗೆ ತಿರುಗುತ್ತಿತ್ತು. ಅದರಾಚೆ ಶಾಫ್ಟಿನ ಗೋಪುರದ ತುದಿಯಲ್ಲಿ ದೊಡ್ಡ ಚಕ್ರ ಸದ್ದಿಲ್ಲದೆ ತಿರುಗಿ, ಕಾಣದ ಯಾರನ್ನೋ ಪಾತಾಳಕ್ಕೆ ಇಳಿಸುತ್ತಿತ್ತು.

"ಏನಮ್ಮಾ ನೋಡ್ತೀಯ?" ಅಂತ ಕೇಳುತ್ತಿದ್ದೆ.

"ಏನಿಲ್ಲ ಮಗಾ. ಚೆನ್ನಾಗೈತಲ್ಲ, ಅದ್ಕೆ."

ನಾನೂ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಆಗ ನನಗೆ ಹನ್ನೊಂದು ವರ್ಷ. ಒಂದು ವಸ್ತುವನ್ನು ಕಣ್ತುಂಬ ನೋಡುವುದು ಹೇಗೆ ಎಂದು ಕಲಿತದ್ದೇ ಆ ಮೋರಿಯ ಹತ್ತಿರ. ಇಂಥ ತಾಯಿ ಲೈನಿನಲ್ಲಿ ಬೇರೆ ಯಾರಿಗಿದ್ದಾಳೆ ಎಂದು ಜಂಬವೂ ಇತ್ತು. ಬರುಬರುತ್ತಾ ಅಮ್ಮ ಮೋರಿಗಿಂತ ಮೊದಲೇ, ಬೇಲಿಯ ತಿರುವಿನಲ್ಲೂ ನಿಂತು ದಿಬ್ಬ ನೋಡತೊಡಗಿದಳು. ದೀಪಾವಳಿ ಕಳೆಯುವ ಹೊತ್ತಿಗೆ ನಮ್ಮ ಸಾಲಿನ ಮೊದಲ ಮನೆಯ ಮುಂದೆಯೂ ನಿಲ್ಲುತ್ತಿದ್ದಳು. ಅಲ್ಲಿಂದ ದಿಬ್ಬ ಕಾಣುತ್ತಲೇ ಇರಲಿಲ್ಲ. ಅಲ್ಲಿ ಅವಳು ಆ ಮನೆಯವರ ಗೋಡೆ ನೋಡುತ್ತಾ ನಿಂತಿದ್ದಳು. ಅದನ್ನೂ ನಾನು ಏನೋ ಒಂದು ಸೊಗಸು ಇರಬೇಕು ಎಂದುಕೊಂಡು ನೋಡಿದೆ. ದಡ್ಡಿ, ಇನ್ನೇನು ಹೇಳಲಿ.

ನಮ್ಮ ಮನೆಯಿಂದ ಗಣಿಗೆ ಇಳಿಯುತ್ತಿದ್ದವರು ಮೂವರು. ಅಪ್ಪ, ದೊಡ್ಡಣ್ಣ, ನಮ್ಮ ಜೊತೆಗೇ ಇದ್ದ ಚಿಕ್ಕಪ್ಪ. ಮೂವರಿಗೂ ಬೇರೆ ಬೇರೆ ಶಿಫ್ಟು, ವಾರಕ್ಕೊಮ್ಮೆ ಅದಲು ಬದಲು. ಒಬ್ಬರು ಬೂಟು ಬಿಚ್ಚುವಾಗ ಇನ್ನೊಬ್ಬರು ಹಾಕಿಕೊಳ್ಳುತ್ತಿದ್ದರು. ನಮ್ಮ ಒಲೆ ಆರಿದ್ದನ್ನು ನಾನು ಕಂಡಿದ್ದು ಕಡಿಮೆ.

ಗಣಿಗೆ ಇಳಿಯುವವರ ಮನೆಗಳಲ್ಲಿ ಒಂದು ಕಟ್ಟಳೆ ಇತ್ತು. ಶಿಫ್ಟಿಗೆ ಹೊರಟವರ ಮುಂದೆ ನೋವು, ಕಾಯಿಲೆ, ಕೊರಗು ಯಾವುದನ್ನೂ ಎತ್ತಬಾರದು. ಇದು ಬರೀ ಅಪಶಕುನದ ಮಾತಲ್ಲ, ಅಪ್ಪ ಅದಕ್ಕೊಂದು ಕಾರಣ ಹೇಳುತ್ತಿದ್ದರು. "ಬಂಡೆ ಒಡೆಯಾಕ್ ಮುಂಚೆ ಮಾತಾಡ್ತದೆ ಮಗಾ. ಸಣ್ಣಕೆ, ಒಣಗಿದ ಕಡ್ಡಿ ಮುರಿದಂಗೆ. ಮನೆ ಚಿಂತೆ ತಲೇಲಿ ತುಂಬ್ಕಂಡು ಇಳಿದೋನಿಗೆ ಅದು ಕೇಳ್ಸಲ್ಲ." ಕೆಳಗೆ ಬಂಡೆ ಸಿಡಿದಾಗ ನಮ್ಮ ಅಡುಗೆಮನೆಯ ಪಾತ್ರೆಗಳು ತಾವಾಗಿ ಗಲಗಲ ಎನ್ನುತ್ತಿದ್ದವು. ಲೈನಿನ ಹೆಂಗಸರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು ಶಾಫ್ಟಿನ ಕಡೆ ನೋಡುತ್ತಿದ್ದರು. ಆ ಸದ್ದು ಕೇಳಿ ಬೆಳೆದವರು ಯಾರೂ ಆ ಕಟ್ಟಳೆ ಮುರಿಯುತ್ತಿರಲಿಲ್ಲ.

ಅಮ್ಮನ ಪಾಡು ನೋಡಿ. ಮನೆಯಲ್ಲಿ ಯಾವ ಹೊತ್ತಿನಲ್ಲೂ ಯಾರೋ ಒಬ್ಬರು ಹೊರಟಿರುತ್ತಿದ್ದರು, ಇಲ್ಲವೇ ದಣಿದು ಬಂದು ಮಲಗಿರುತ್ತಿದ್ದರು. ಅವಳ ನೋವು ಹೇಳಿಕೊಳ್ಳಲು ದಿನದಲ್ಲಿ ಒಂದು ಗಳಿಗೆಯೂ ಇರಲಿಲ್ಲ. ಇದು ನನಗೆ ಹೊಳೆದದ್ದು ನಾನೂ ಒಬ್ಬರಿಗೆ ತಾಯಿಯಾದ ಮೇಲೆ.

ಪಕ್ಕದ ಮನೆಯ ತಮಿಳಿನವರ ಅಕ್ಕನಿಗೆ ಮಾತ್ರ ಅಮ್ಮ ಒಂದಿಷ್ಟು ಹೇಳಿಕೊಳ್ಳುತ್ತಿದ್ದಳು. ತಟ್ಟಿ ಗೋಡೆ ಆದ್ದರಿಂದ ಇಬ್ಬರೂ ತಮ್ಮ ತಮ್ಮ ಒಲೆಯ ಮುಂದೆ ಕೂತೇ ಮಾತಾಡಬಹುದಿತ್ತು. ಬೆನ್ನಲ್ಲಿ, ಎರಡು ರೆಕ್ಕೆ ಮೂಳೆಗಳ ನಡುವೆ, ಯಾರೋ ಗುಂಡುಕಲ್ಲು ಇಟ್ಟಂತಾಗುತ್ತದೆ. ಆಮೇಲೆ ದವಡೆ ಹಿಡಿಯುತ್ತದೆ. ಊಟ ಮಾಡದಿದ್ದರೂ ಹೊಟ್ಟೆ ಉಬ್ಬರಿಸುತ್ತದೆ. ಗೋಡೆಯಾಚೆಯಿಂದ ಉತ್ತರ ಬರುತ್ತಿತ್ತು: "ಅದು ವಾಯು ಅಕ್ಕಾ, ವೇರೆ ಒಣ್ಣೂ ಇಲ್ಲೆ, ಬೇರೇನೂ ಅಲ್ಲ. ಬೆಳ್ಳುಳ್ಳಿ ಸುಟ್ಟು ತಿನ್ನು." ಅಮ್ಮ ಬೆಳ್ಳುಳ್ಳಿ ಸುಟ್ಟು ತಿಂದಳು, ಓಮದ ನೀರು ಕುಡಿದಳು, ಇಂಗು ನುಂಗಿದಳು. ಮನೆಯೆಲ್ಲ ಘಮಘಮ. ನೋವು ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ಎದೆಯ ಕಾಯಿಲೆ ನಮಗೆ ಗೊತ್ತಿರಲಿಲ್ಲವೆಂದಲ್ಲ, ಅದರ ನಡುವೆಯೇ ಬದುಕಿದ್ದೆವು. ಕಲ್ಲಿನ ಧೂಳು ನುಂಗಿ ನುಂಗಿ ಕೆಮ್ಮುವ ಗಂಡಸರು ಪ್ರತಿ ಲೈನಿನಲ್ಲೂ ಇದ್ದರು. ಗಣಿಯವರು ಗಂಡಸರನ್ನು ಕರೆದುಕೊಂಡು ಹೋಗಿ ಎದೆಯ ಫೋಟೋ ಹಿಡಿಯುತ್ತಿದ್ದರು. ಅಪ್ಪನ ಎದೆಗೂಡಿನ ಫೋಟೋ ಹೇಗಿರುತ್ತದೆ ಎಂದು ನಾವೆಲ್ಲ ಕುತೂಹಲದಿಂದ ಕೇಳುತ್ತಿದ್ದೆವು. ಅದಕ್ಕೇ ಎದೆ ಅನ್ನುವುದು ಗಂಡಸರ ಅಂಗ ಎಂದು ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿತ್ತು. ಹೆಂಗಸರಿಗೆ ಇರುವುದು ಹೊಟ್ಟೆ, ಸೊಂಟ, ತಲೆ, ಅಷ್ಟೇ. "ನಾನೇನ್ ಗಣಿಗಿಳೀತೀನಾ, ನನಗ್ಯಾಕ್ ಬತ್ತದೆ ಎದೆ ಕಾಯಿಲೆ" ಎಂದು ಅಮ್ಮನೇ ಒಮ್ಮೆ ನಕ್ಕಿದ್ದಳು.

ದವಡೆಯ ನೋವು ಜಾಸ್ತಿಯಾದಾಗ ಅವಳೇ ಅದಕ್ಕೆ ಹಲ್ಲುನೋವು ಎಂದು ಹೆಸರಿಟ್ಟಳು. ಹಲ್ಲುನೋವು ಎಂದರೆ ಯಾರೂ ಹೆದರುವುದಿಲ್ಲ ನೋಡಿ. ಒಂದು ಭಾನುವಾರ ನನ್ನನ್ನು ಜೊತೆಗೆ ಕರೆದುಕೊಂಡು, ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಹೊರಟಳು. ಆ ಪ್ರಯಾಣ ನನಗೆ ಕನಸಿನ ಹಾಗೆ ನೆನಪಿದೆ. ರೈಲು ಆತುರವಿಲ್ಲದೆ ಹೋಗುತ್ತಿತ್ತು. ಕಿಟಕಿಯ ಪಕ್ಕ ಅಮ್ಮ, ಅವಳ ಮಡಿಲಲ್ಲಿ ನನ್ನ ತಲೆ. ಹೊರಗೆ ಕೊಯ್ಲಾದ ರಾಗಿ ಹೊಲಗಳು, ಬಂಡೆಗಳು, ಮತ್ತೆ ಹೊಲಗಳು. ಹೊಗೆಯ ನೆರಳು ಹೊಲದ ಮೇಲೆ ನಮ್ಮ ಜೊತೆಯಲ್ಲೇ ಓಡುತ್ತಿತ್ತು. ಕೊಡವಿಲ್ಲ, ಒಲೆಯಿಲ್ಲ, ಶಿಫ್ಟಿಲ್ಲ. ಅಮ್ಮನ ಮುಖ ಎಷ್ಟು ಹಗುರವಾಗಿತ್ತೆಂದರೆ ಹಲ್ಲುನೋವು ಇದೆಯೋ ಇಲ್ಲವೋ ಎಂದು ನನಗೇ ಅನುಮಾನ ಬಂತು. ನಿಜಕ್ಕೂ ಆಗ ನೋವಿರಲಿಲ್ಲ. ಕೂತಿದ್ದಾಗ ಅದು ಬರುತ್ತಿರಲಿಲ್ಲ.

ಸಂತೆಬೀದಿಯ ಮೂಲೆಯಲ್ಲಿ ಹಲ್ಲು ಕೀಳುವವನು ಒಂದು ಚಾಪೆ ಹಾಸಿಕೊಂಡು ಕೂತಿದ್ದ. ಯಾವ ಹಲ್ಲು ಎಂದು ಕೇಳಿದ. ಅಮ್ಮ ಎಡಗಡೆಯ ದವಡೆ ತೋರಿಸಿದಳು. ಅವನು ಅಲ್ಲಾಡಿಸಿ ನೋಡಿ, ಒಂದನ್ನು ಕಿತ್ತ. ಬಂದದ್ದೇ ಬಂದಿದ್ದೀರಿ ಎಂದು ಪಕ್ಕದ್ದನ್ನೂ ಕಿತ್ತ. ಎರಡೂ ಗಟ್ಟಿಮುಟ್ಟಾದ ಹಲ್ಲುಗಳು, ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ. ಬಾಯಿಗೆ ಹತ್ತಿ ತುರುಕಿಕೊಂಡು ಅಮ್ಮ ಅವುಗಳನ್ನು ಕಾಗದದಲ್ಲಿ ಸುತ್ತಿ ತಂದಳು. ಆ ಮನುಷ್ಯನನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಪಾಪ, ಅವನನ್ನು ಬೈದು ಏನು ಬಂತು, ನೋವಿನ ಜಾಗ ತೋರಿಸಿದವಳು ಅಮ್ಮನೇ.

ಮೂರನೇ ದಿನ ಬೆಳಿಗ್ಗೆ ಕೊಡ ಹೊತ್ತು ಬೇಲಿಯ ತಿರುವಿಗೆ ಬಂದಾಗ ಅಮ್ಮ ದವಡೆ ಹಿಡಿದುಕೊಂಡು ನಿಂತಳು. "ಅಲ್ಲು ಓಯ್ತು. ನೋವು ಇಲ್ಲೇ ಐತೆ" ಎಂದಳು. ಹೇಳಿ ನಕ್ಕಳು. ಆ ನಗು ಕಂಡು ಮೊದಲ ಸಲ ನನಗೆ ಭಯವಾಯಿತು. ಮನೆಗೆ ಹೋಗುವಾಗ ತೋರುಬೆರಳು ತೋರಿಸಿ, "ನಿಮ್ಮಪ್ಪನ ಮುಂದೆ ಬಾಯ್ಬಿಟ್ಟೀಯ ಜೋಕೆ. ಮೊದಲ್ನೇ ಶಿಫ್ಟು ಈ ವಾರ" ಎಂದಳು.

ನಾನು ಮೊದಲಿನಿಂದಲೂ ಬಾಯಿಬಡುಕಿ. ಮನೆಯಲ್ಲಿ ಯಾರು ಏನು ಮುಚ್ಚಿಟ್ಟರೂ ನನ್ನಿಂದ ಹೊರಗೆ ಬೀಳುತ್ತಿತ್ತು, ಅದಕ್ಕೆ ಬೇಕಾದಷ್ಟು ಏಟೂ ತಿಂದಿದ್ದೆ. ಆದರೆ ಈ ಮಾತನ್ನು ನಾಲ್ಕು ದಿನ ನುಂಗಿಕೊಂಡೆ. ನನ್ನ ಮಾತಿನಿಂದ ಅಪ್ಪನ ಮೇಲೆ ಬಂಡೆ ಬಿದ್ದರೆ ಎಂಬ ಹೆದರಿಕೆ. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಅಮ್ಮ. ಅನ್ನ ಸೇರಲಿಲ್ಲ.

ಐದನೇ ದಿನದ ಬೆಳಿಗ್ಗೆ ಚಳಿ ಎಂದರೆ ಚಳಿ. ಮಂಜು ಬಾಗಿಲೊಳಗೇ ಬಂದು ಕೂತಿತ್ತು. ಅಪ್ಪ ಬೂಟು ಹಾಕಿಕೊಂಡು, ಟೋಪಿ ಕಂಕುಳಲ್ಲಿ ಹಿಡಿದು ಹೊಸಿಲಲ್ಲಿ ನಿಂತಿದ್ದರು. ಅಮ್ಮ ಮುದ್ದೆ ಕಟ್ಟುತ್ತಿದ್ದಳು. ಅವಳ ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ರವಿಕೆ ಬೆನ್ನಿಗೆ ಅಂಟಿತ್ತು. ಮುಖ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬುತ್ತಿಯನ್ನು ಅಪ್ಪನ ಕೈಗಿಟ್ಟು, "ಓಗ್ಬಿಟ್ಟು ಬಾ" ಎಂದಳು, ದಿನವೂ ಹೇಳುವ ದನಿಯಲ್ಲೇ. ಆಮೇಲೆ ಗೋಡೆ ಹಿಡಿದುಕೊಂಡಳು.

"ಅಪ್ಪಾ, ಅಮ್ಮ ನೀರು ತರುವಾಗ ಮೂರು ಕಡೆ ನಿಲ್ತಾಳೆ" ಎಂದೆ ನಾನು. "ಅಲ್ಲು ಕಿತ್ತಿದ್ರೂ ನೋವು ಓಗಿಲ್ಲ. ಬೆನ್ನೂ ನೋಯ್ತದೆ. ಈಗ್ಲೂ ನೋಯ್ತಾ ಐತೆ, ನೋಡು."

ಅಮ್ಮ ನನ್ನನ್ನು ನೋಡಿದ ರೀತಿ ಹೇಳುವುದೇ ಬೇಡ. ಗೋಡೆ ಬಿಡದೆಯೇ, "ಅವ್ಳ ಮಾತ್ ಕೇಳ್ಬೇಡ, ನೀನ್ ಓಗು" ಎಂದಳು. ಬಾಯಿ ತಪ್ಪಿ, ಬಾ ಎನ್ನುವುದನ್ನು ಬಿಟ್ಟು ಬರೀ ಓಗು ಎಂದಿದ್ದಳು. ಶಿಫ್ಟಿನ ಸೈರನ್ ಶುರುವಾಯಿತು. ಆಗ ತಾನೇ ಶಿಫ್ಟು ಮುಗಿಸಿ ಬಂದಿದ್ದ ಚಿಕ್ಕಪ್ಪ, "ನೀನ್ ಓಗಣ್ಣ, ಅತ್ತಿಗೇನ ನಾನ್ ನೋಡ್ಕಂತೀನಿ" ಎಂದರು. ಸೈರನ್ ಕೂಗಿ ಮುಗಿಯುವವರೆಗೂ ಅಪ್ಪ ಅಲ್ಲಾಡಲಿಲ್ಲ. ಆಮೇಲೆ ಹೊಸಿಲ ಮೇಲೆ ಕೂತು ಬೂಟಿನ ದಾರ ಬಿಚ್ಚಿದರು. "ಇದನ್ನ ತಲೇಲಿ ತುಂಬ್ಕಂಡು ಎಂಗ್ಲಾ ಇಳೀಲಿ" ಎಂದರು. ಇಷ್ಟು ದಿನ ಅಮ್ಮನ ಬಾಯಿ ಕಟ್ಟಿದ್ದ ಕಟ್ಟಳೆಯೇ ಆ ದಿನ ಅಪ್ಪನನ್ನು ಮೇಲೆ ಉಳಿಸಿಕೊಂಡಿತು.

ಜಟಕಾದಲ್ಲಿ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅಮ್ಮ ನನ್ನ ಜೊತೆ ಮಾತಾಡಲಿಲ್ಲ. ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು, ತೆಳ್ಳಗೆ, ನಿಧಾನ ಮಾತಿನವರು. ಅಮ್ಮನ ಎದೆಗೆ, ಕೈಕಾಲಿಗೆ ತಂತಿ ಕಟ್ಟಿ, ಯಂತ್ರದಿಂದ ಉದ್ದನೆಯ ಕಾಗದ ತೆಗೆದರು. ಅದರ ಮೇಲೆ ಬೆಟ್ಟದ ಸಾಲಿನಂಥ ಗೀಟು. ಅದನ್ನು ನೋಡಿದ ಮೇಲೆ ಅವರ ಮಾತು ಇನ್ನೂ ನಿಧಾನವಾಯಿತು. ಅಮ್ಮನಿಗೆ ಸೂಜಿ ಚುಚ್ಚಿ, ಅವಳು ಒಂದಿಷ್ಟು ಸುಧಾರಿಸಿಕೊಂಡ ಮೇಲೆ, ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತರು.

"ನಿಮ್ಮ ತಾಯಿ ಇದ್ದಾರಾ?"

"ಇಲ್ಲ. ನಮ್ ತೌರೂರು ಕಾಮಸಮುದ್ರದಾಗೆ, ರಾಗಿ ಕೇರ್ತಾ ಇದ್ರು. ಕೇರ್ತಾ ಕೇರ್ತಾನೇ ಒರಗಿಬಿಟ್ರು. ಗಾಳಿ ಸೋಕ್ತು ಅಂದ್ರು."

"ಆಗ ಎಷ್ಟು ವಯಸ್ಸು?"

ಅಮ್ಮ ಬೆರಳು ಮಡಿಚಿ ಎಣಿಸಿದಳು. "ನನ್ನಷ್ಟೇ ಇರ್ಬೇಕು" ಎಂದಳು.

ಬಸುರಿಯಾಗಿದ್ದಾಗ ಕಾಲು ಬಾತಿತ್ತಾ ಎಂದು ಕೇಳಿದರು. ನಾನು ಹೊಟ್ಟೆಯಲ್ಲಿದ್ದಾಗ ಬಾತಿತ್ತು, ಕಣ್ಣು ಮಂಜಾಗಿತ್ತು. ರಕ್ತದ ಒತ್ತಡ ಜಾಸ್ತಿ ಎಂದು ಆಗಲೇ ಸೂಲಗಿತ್ತಿ ಬೇಡವೆಂದು ಇಲ್ಲಿಗೇ ಕರೆತಂದಿದ್ದರಂತೆ. ಹೆರಿಗೆಯಾದ ಮೇಲೆ ಮತ್ತೆ ಯಾರೂ ಆ ಒತ್ತಡ ನೋಡಲಿಲ್ಲ. ಮುಟ್ಟು ನಿಂತು ಎರಡು ವರ್ಷವಾಗಿತ್ತು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತೀರಾ ಎಂದಾಗ ಅಮ್ಮ ಇಲ್ಲ ಎಂದಳು. ಡಾಕ್ಟರಮ್ಮ ಬಾಯಿ ತೆರೆಸಿ, ಒಳಗಿನ ಕರೆ ನೋಡಿ, ಹೊಗೆಸೊಪ್ಪು ಎಂದು ಬರೆದುಕೊಂಡರು. ಎರಡು ಹಲ್ಲು ಇಲ್ಲದ ಜಾಗ ಇನ್ನೂ ಹಸಿಯಾಗಿತ್ತು. "ಇದನ್ನು ಯಾಕೆ ಕೀಳಿಸಿದಿರಿ?" ಎಂದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಡೆಯುವಾಗ ಎಲ್ಲಾದರೂ ನಿಲ್ಲುತ್ತೀರಾ?" ಎಂದರು. ಅದಕ್ಕೂ ಇಲ್ಲ ಎಂದಳು.

"ಮೂರು ಕಡೆ" ಎಂದೆ ನಾನು ಬಾಗಿಲಿನಿಂದ. "ಬೇಲಿ ಹತ್ರ, ಮೋರಿ ಹತ್ರ, ಮೊದಲ್ನೇ ಮನೆ ಹತ್ರ. ದಿಬ್ಬ ನೋಡಾಕೆ."

ಡಾಕ್ಟರಮ್ಮ ನನ್ನತ್ತ ತಿರುಗಿ, ದಿಬ್ಬ ನೋಡಲು ಅಲ್ಲ ಮಗು, ಎಂದರು. ಗುಂಡಿಗೆಯೂ ಮಾಂಸವೇ, ಅದಕ್ಕೂ ರಕ್ತ ಬೇಕು, ಏರು ಹತ್ತುವಾಗ ಜಾಸ್ತಿ ಬೇಕು, ರಕ್ತ ಹರಿಯುವ ದಾರಿ ಕಿರಿದಾಗಿದ್ದರೆ ಅದು ಅಳುತ್ತದೆ ಎಂದು ಹೇಳಿದರು. ಗಂಡಸರಲ್ಲಿ ಸಾಮಾನ್ಯವಾಗಿ ಎದೆಯಲ್ಲೇ ಅಳುತ್ತದೆ. ಹೆಂಗಸರಲ್ಲಿ ಕೆಲವು ಸಲ ಬೆನ್ನಿನಲ್ಲಿ, ದವಡೆಯಲ್ಲಿ, ಹೊಟ್ಟೆಯಲ್ಲಿ, ಬರೀ ಸುಸ್ತಿನಲ್ಲಿ. ಅದಕ್ಕೇ ಯಾರೂ ಹುಡುಕುವುದಿಲ್ಲ. ನಾನು ಹೊರಗೆ ಓಡಿ ಹೋಗಿ ವರಾಂಡದ ಕಂಬದ ಹಿಂದೆ ಅತ್ತೆ. ಅಷ್ಟು ದಿನ ನಾನು ನೋಡಿದ ಚೆಲುವೆಲ್ಲ ಅಮ್ಮ ಉಸಿರು ಹಿಡಿದು ನಿಂತ ಹೊತ್ತಾಗಿತ್ತು. ಅವಳು ದಿಬ್ಬವನ್ನು ಒಂದು ದಿನವೂ ನೋಡಿರಲಿಲ್ಲ.

ವಾರಗಟ್ಟಲೆ ಅಮ್ಮ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಸುತ್ತಲೂ ಹೆರಿಗೆಯಾದವರು, ಪಕ್ಕದಲ್ಲಿ ಕೂಸುಗಳ ಅಳು. ಗುಂಡಿಗೆಯ ರೋಗಿ ಆ ವಾರ್ಡಿನಲ್ಲಿ ಅವಳೊಬ್ಬಳೇ. ಮೊದಲ ದಿನಗಳು ಅವಳಿಗೂ ನಮಗೂ ಎಚ್ಚರವೋ ನಿದ್ದೆಯೋ ಗೊತ್ತಾಗದ ಹಾಗೆ ಕಳೆದವು. ಬಿಳಿ ಗೋಡೆ, ಬಿಳಿ ಹೊದಿಕೆ, ಸಂಜೆಯ ಬಿಸಿಲು ಮಂಚದಿಂದ ಮಂಚಕ್ಕೆ ಸರಿಯುವುದು. ಹತ್ತನೇ ದಿನ ಅವಳು ನನ್ನನ್ನು ಹತ್ತಿರ ಕರೆದು ಜಡೆ ಹೆಣೆದಳು. ಸಿಟ್ಟು ಇಳಿದಿದೆ ಎಂದು ನನಗೆ ಗೊತ್ತಾಯಿತು.

ಮನೆಗೆ ಬಂದ ಮೇಲೆ ಎಲ್ಲ ಬದಲಾಯಿತು ಎಂದರೆ ಸುಳ್ಳಾದೀತು. ಉಪ್ಪು ಕಡಿಮೆಯಾಯಿತು, ಒಣಮೀನು, ಉಪ್ಪಿನಕಾಯಿ ಅಟ್ಟ ಸೇರಿದವು. ಅಪ್ಪ ಒಂದು ವಾರ ಸಪ್ಪೆ ಸಾರು ಉಂಡು, ಬಾಯಿ ಸೊಟ್ಟ ಮಾಡಿ, ಆಮೇಲೆ ಅದಕ್ಕೇ ಒಗ್ಗಿಕೊಂಡರು. ಹೊಗೆಸೊಪ್ಪು ಬಿಟ್ಟ ತಿಂಗಳು ಅಮ್ಮನ ಹತ್ತಿರ ಸುಳಿಯುವ ಹಾಗಿರಲಿಲ್ಲ, ಒಲೆಗಿಂತ ಹೆಚ್ಚು ಸಿಡುಕುತ್ತಿದ್ದಳು. ನೀರಿಗೆ ದೊಡ್ಡಣ್ಣ ಹೋದ. ಲೈನಿನಲ್ಲಿ ಗಂಡಸು ಕೊಡ ಹಿಡಿದದ್ದು ಅದೇ ಮೊದಲು. "ಏನಪ್ಪಾ, ಮದ್ವೆಗೆ ಮುಂಚೇನೇ ಅಭ್ಯಾಸವಾ" ಎಂದು ನಲ್ಲಿಯ ಹತ್ತಿರ ಹೆಂಗಸರು ಛೇಡಿಸಿದರು. ಅವನು ಕೆಂಪಗಾದರೂ ಬಿಡಲಿಲ್ಲ. ಮೂರು ತಿಂಗಳು ಕಳೆದ ಮೇಲೆ ಡಾಕ್ಟರಮ್ಮ ಹೇಳಿದಂತೆ ಅಮ್ಮ ಸಂಜೆ ಹೊತ್ತು ಮಟ್ಟಸವಾದ ದಾರಿಯಲ್ಲಿ ಬರಿಗೈಯಲ್ಲಿ ನಿಧಾನವಾಗಿ ನಡೆಯತೊಡಗಿದಳು. ಬರಿಗೈಯಲ್ಲಿ ನಡೆದು ಗೊತ್ತಿಲ್ಲದವಳು, ಕೈ ಎಲ್ಲಿಡುವುದು ಎಂದು ತಿಳಿಯದೆ ಸೆರಗು ಹಿಡಿದುಕೊಳ್ಳುತ್ತಿದ್ದಳು.

ಮನೆಗೆ ಕಳುಹಿಸುವಾಗ ಡಾಕ್ಟರಮ್ಮ ಒಂದು ಚಿಕ್ಕ ಸೀಸೆ ಕೊಟ್ಟಿದ್ದರು. ನೋವು ಬಂದ ಕೂಡಲೇ ಕೂತು ಒಂದು ಮಾತ್ರೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. ಅದಕ್ಕೂ ಬಗ್ಗದಿದ್ದರೆ ಒಂದು ಗಳಿಗೆಯೂ ತಡಮಾಡದೆ ಬರಬೇಕು. "ಔಷಧಿ ನಾನು ಕೊಡಬಹುದು. ಹೇಳುವುದನ್ನು ನೀವೇ ಮಾಡಬೇಕು" ಎಂದಿದ್ದರು. ಅಮ್ಮ ತಲೆಯಾಡಿಸಿದ್ದಳು. ಆ ತಲೆಯಾಡಿಸುವಿಕೆಯ ಬೆಲೆ ನನಗೆ ಗೊತ್ತಿತ್ತು. ಮುಂದಿನ ಏಳೆಂಟು ವರ್ಷ ಮನೆಯಲ್ಲಿ ಅವಳ ಮುಖ ನೋಡಿ ಹೇಳುತ್ತಿದ್ದವಳು ನಾನೇ. "ಅಮ್ಮ ಬೆವರ್ತಾ ಅವ್ಳೆ." "ಅಮ್ಮ ಕೂತ್ಕಂಡ್ಳು." ಬಾಯಿಬಡುಕಿ ಎನ್ನುವ ಬೈಗುಳ ಅಷ್ಟರಲ್ಲಿ ಮನೆಯಲ್ಲಿ ನಿಂತುಹೋಗಿತ್ತು.

ಆಮೇಲೆ ನನಗೆ ಬಂಗಾರಪೇಟೆಯ ಕಡೆ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಅಲ್ಲೇ ಇರಬೇಕಾಗಿತ್ತು. ಎಲ್ಲರೂ ಖುಷಿಪಟ್ಟರು, ನನಗೆ ಮಾತ್ರ ಒಂದೇ ಚಿಂತೆ. ಇನ್ನು ಹೇಳುವವರು ಯಾರು? ಹೊರಡುವ ಹಿಂದಿನ ದಿನ ಅಮ್ಮನನ್ನು ಕೂರಿಸಿ ಗದರಿಸಿದೆ, ಬೇಡಿಕೊಂಡೆ, ಆಣೆ ಕೇಳಿದೆ. "ಆಯ್ತು ಓಗೇ, ನನ್ನ ಪ್ರಾಣ ತಿನ್ಬೇಡ" ಎಂದಳು. ಒಂದು ಅಕ್ಷರವನ್ನೂ ನಾನು ನಂಬಲಿಲ್ಲ.

ಮರುದಿನ ಬೆಳಿಗ್ಗೆ ನಾನು ಟ್ರಂಕು ಹಿಡಿದು ಬಾಗಿಲಲ್ಲಿ, ದೊಡ್ಡಣ್ಣ ಟೋಪಿ ಹಾಕಿಕೊಂಡು ಅಂಗಳದಲ್ಲಿ. ಆ ಹೊತ್ತಿಗೆ ಅಪ್ಪನಿಗೂ ಅವನಿಗೂ ಒಂದೇ ಶಿಫ್ಟು ಆಗಿತ್ತು, ಅಪ್ಪ ಬೂಟಿನ ದಾರ ಕಟ್ಟುತ್ತಿದ್ದರು. ಒಂದೇ ಗಳಿಗೆಯಲ್ಲಿ ಮೂವರು ಹೊರಟಿದ್ದೆವು. ಸೈರನ್ ಕೂಗಿತು. ಒಳಗೆ ಸೌಟು ಕೆಳಗಿಟ್ಟ ಸದ್ದು ಕೇಳಿಸಿತು. ಅಮ್ಮ ನಿಧಾನವಾಗಿ ಬಂದು ಬಾಗಿಲ ಪಟ್ಟಿ ಹಿಡಿದು ನಿಂತಳು.

"ಯಾರೂ ಓಗ್ಬೇಡ್ರಿ" ಎಂದಳು. "ನನಗೆ ನೋಯ್ತಾ ಐತೆ. ಮಾತ್ರೆ ಇಟ್ಕಂಡೆ, ಬಗ್ತಾ ಇಲ್ಲ."

ನಾವು ಮೂವರೂ ಗರಬಡಿದವರಂತೆ ನಿಂತೆವು. ಅವಳ ಬಾಯಿಂದ ಅಂಥ ಮಾತು ಬಂದರೆ ಏನು ಮಾಡಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನೂ ಅವಳೇ ಹೇಳಬೇಕಾಯಿತು. "ನಿಂತ್ಕಂಡ್ ಏನ್ ನೋಡ್ತೀರಾ, ಗಾಡಿ ಕರೀರಿ" ಎಂದು ಹೊಸಿಲ ಮೇಲೆ ಕೂತಳು. ದೊಡ್ಡಣ್ಣ ಟೋಪಿ ಎಸೆದು ಓಡಿದ.

ಅದೇ ಡಾಕ್ಟರಮ್ಮ, ತಲೆ ಸ್ವಲ್ಪ ನೆರೆತಿತ್ತು. ಕಾಗದದ ಗೀಟು ನೋಡಿ, ಸೂಜಿ ಹಾಕಿ, ಈ ಸಲ ಬೇಗ ಬಂದಿದ್ದೀರಿ, ಭಯವಿಲ್ಲ, ಎಂದರು. ಆಮೇಲೆ ಬರೆದುಕೊಳ್ಳುತ್ತಾ ನನ್ನ ಕಡೆ ನೋಡಿ, "ಈ ಸಲವೂ ನೀನೇ ಹೇಳಿದೆಯಾ?" ಎಂದು ಕೇಳಿದರು. ನಾನು ಬಾಯಿ ತೆರೆದೆ. ಹೊದಿಕೆಯ ಕೆಳಗಿನಿಂದ ಅಮ್ಮನ ಕೈ ಬಂದು ನನ್ನ ಕೈಯನ್ನು ಅದುಮಿ ಸುಮ್ಮನಾಗಿಸಿತು.

"ಅವಳಲ್ಲ ಡಾಕ್ಟ್ರಮ್ಮ" ಎಂದಳು ಅಮ್ಮ. "ನಾನೇ ಬಾಯ್ಬಿಟ್ಟು ಏಳ್ದೆ."